ಐವತ್ತು ಕೂಗಿದ ಹಾಜರಿ

ಚಿಕ್ಕಪ್ಪ ತಿಪಟೂರಿನ ಸ್ಟುಡಿಯೋ ಮುಚ್ಚಿದ ದಿನ ಒಂದು ಬಿಸ್ಕತ್ತಿನ ಡಬ್ಬಿ ನನ್ನ ಕೈಗಿಟ್ಟು, "ಎರಡು ನಿಕ್ಕರ್ ಇದಾವೆ, ಹುಷಾರು" ಎಂದರು. ಪಕ್ಕದಲ್ಲಿದ್ದ ಅಜ್ಜಿ, "ಇಷ್ಟು ಸಣ್ಣ ಡಬ್ಬಿಲಿ ಹೆಂಗೋ ಮಡಚಿಟ್ಟೆ?" ಅಂದಳು. ಒಳಗಿದ್ದದ್ದು ನಿಕ್ಕರ್ ಲೆನ್ಸುಗಳು: 50 ಎಂಎಂ 1.4 ಮತ್ತು 135 ಎಂಎಂ 2.8.

ಈಗಿನ ಲೆನ್ಸು ಕ್ಯಾಮೆರಾಕ್ಕೆ ಕೂತ ಕೂಡಲೇ ತನ್ನ ಪ್ರವರ ಒಪ್ಪಿಸುತ್ತದೆ. ಅದು ಪ್ರತಿ ಫೋಟೊದ ಹೊಟ್ಟೆಯೊಳಗೆ ಎಕ್ಸಿಫ್ ಎಂಬ ದಾಖಲೆಯಾಗಿ ಉಳಿಯುತ್ತದೆ. ಚಿಪ್ ಇಲ್ಲದ ಈ ಹಳಬರಿಗೆ ಬಾಯಿಲ್ಲ. ನನ್ನ ನಿಕಾನ್ ಡಿ 7000 ಮೆನುವಿನಲ್ಲಿ ಇಂಥ ಮೂಕರಿಗಾಗಿಯೇ 9 ಜಾಗಗಳಿವೆ. ಒಂದರಲ್ಲಿ 50, ಎರಡರಲ್ಲಿ 135 ಬರೆದಿಟ್ಟೆ. ಲೆನ್ಸು ಬದಲಿಸಿದಾಗ ನಂಬರನ್ನೂ ನಾನೇ ಬದಲಿಸಬೇಕು. ಎರಡು ವರ್ಷ ಬದಲಿಸಲಿಲ್ಲ. ಕಾಲೇಜಿನ ಪ್ರಾಕ್ಸಿಯ ಹಾಗೆ 135ರ ಹಾಜರಿಯನ್ನೆಲ್ಲ 50 ಕೂಗಿತು.

ಸುಳ್ಳು ಅಲ್ಲಿಗೇ ನಿಲ್ಲಲಿಲ್ಲ. ಅಪರ್ಚರ್ ರಿಂಗು ಪೂರ್ತಿ ತೆರೆದ ಸ್ಥಿತಿಯಿಂದ ಎಷ್ಟು ಸ್ಟಾಪ್ ಇಳಿದಿದೆ ಎಂಬುದಷ್ಟೇ ಕ್ಯಾಮೆರಾಕ್ಕೆ ತಿಳಿಯುವುದು. ಹಾಗಾಗಿ 135ನ್ನು 2.8ರಲ್ಲಿ ತೆರೆದು ತೆಗೆದದ್ದೂ 1.4 ಎಂದೇ ದಾಖಲಾಯಿತು. "1.4ರಲ್ಲೂ ಎಂಥಾ ಶಾರ್ಪು!" ಎಂದು ಗೆಳೆಯನೊಬ್ಬ ಹೊಗಳಿದಾಗ ನಾನು ವಿನಯದಿಂದ ತಲೆತಗ್ಗಿಸಿದ್ದೆ.

ತಿದ್ದುವುದಕ್ಕೆ ಎಕ್ಸಿಫ್‌ಟೂಲ್ ಇದೆ. ಕೆನಡಾದ ಫಿಲ್ ಹಾರ್ವೆ ಬರೆದ ತಂತ್ರಾಂಶ. ಒಂದು ಸಾಲು ಟೈಪು ಮಾಡಿದರೆ ಇಡೀ ಫೋಲ್ಡರಿನ ಜಾತಕ ಬದಲಾಗುತ್ತದೆ. ತಿದ್ದುವ ಮೊದಲಿನ ಪ್ರತಿಗೆ 'ಒರಿಜಿನಲ್' ಎಂಬ ಬಾಲ ಅಂಟಿಸಿ ಪಕ್ಕಕ್ಕಿಡುತ್ತದೆ. ನನ್ನ ವಿಷಯದಲ್ಲಿ ಸುಳ್ಳೇ ಒರಿಜಿನಲ್ಲು!

ಆದರೆ ಯಾವ ಪಟ ಯಾವ ಲೆನ್ಸಿನದು ಎಂದು ಅದಕ್ಕೇನು ಗೊತ್ತು? ಪತ್ತೇದಾರಿಕೆ ನನ್ನದೇ. ಜಗಲಿಯಲ್ಲಿ ಅವರೆಕಾಳು ಹಿಸುಕುತ್ತಿರುವ ಅಜ್ಜಿ: ಚೌಕಟ್ಟಿನ ತುಂಬ ಮುಖ, ಹಿಂದಿನ ತುಳಸಿಕಟ್ಟೆ ಕರಗಿ ಬೆಣ್ಣೆಯಾಗಿದೆ. 50ರಲ್ಲಿ ಇದನ್ನು ತೆಗೆಯಬೇಕಾದರೆ ಎರಡು ಮೂರು ಅಡಿ ಹತ್ತಿರ ಹೋಗಬೇಕಿತ್ತು. ಅಷ್ಟು ಹತ್ತಿರ ಹೋಗಿದ್ದರೆ ಅಜ್ಜಿ ನನ್ನ ಮುಂದೂ ಒಂದು ಬೋಗುಣಿ ಕಾಳು ತಳ್ಳುತ್ತಿದ್ದಳು. ನಾನು ಅಂಗಳದಾಚೆ ತೆಂಗಿನಮರಕ್ಕೆ ಒರಗಿ ನಿಂತಿದ್ದೆ. 135, ಸಂಶಯವಿಲ್ಲ.

ಹೀಗೆ ನಾನು ಎಲ್ಲಿ ನಿಂತಿದ್ದೆ ಎಂದು ನೆನಪಿಸಿಕೊಳ್ಳುತ್ತ ನಾನೂರು ಪಟ ತಿದ್ದಿದೆ. ಒಂದು ಮಾತ್ರ ಬಗೆಹರಿಯಲಿಲ್ಲ. ಖಾಲಿ ಸ್ಟುಡಿಯೋದ ಬಣ್ಣಗೆಟ್ಟ ಪರದೆಯ ಮುಂದೆ ಚಿಕ್ಕಪ್ಪ, ಎದೆಮಟ್ಟದ ಚಿತ್ರ, ನೋಟ ಎಲ್ಲೋ ನೆಲದ ಕಡೆ. ವಾಟ್ಸ್ಆ್ಯಪ್‌ನಲ್ಲಿ ಕಳಿಸಿ ಫೋನು ಮಾಡಿದೆ.

"ನೀನು ಒಳಗಿದ್ಯೋ, ರಸ್ತೇಲಿದ್ಯೋ?" ಕೇಳಿದರು.

"ನೆನಪಿಲ್ಲ ಚಿಕ್ಕಪ್ಪ. ನಿಮಗೆ?"

"ನಂಗೆಲ್ಲಿ ಕಣೋ. ನಾನು ಬೀಗ ಹುಡುಕ್ತಿದ್ದೆ."