ಅಗಲವಾದ ಗಾಲಿ

ತಾಳವಾಡಿಯ ನಮಗೆ ಜಿಲ್ಲಾ ಕಚೇರಿಯ ಕೆಲಸವೆಂದರೆ ಈರೋಡು. ಈರೋಡೆಂದರೆ ದಿಂಬಂ ಘಟ್ಟ. ದಿಂಬಂನಿಂದ ಬಣ್ಣಾರಿಯವರೆಗೆ ೨೭ ಕಡಿದಾದ ತಿರುವುಗಳು. ಪಟ್ಟೆಗಾಗಿಯೋ ಪಿಂಚಣಿಗಾಗಿಯೋ ಈ ದಾರಿಯನ್ನು ಇಳಿದು ಹತ್ತದವರು ನಮ್ಮ ಸೀಮೆಯಲ್ಲಿ ವಿರಳ. ಅನೇಕರಿಗೆ ಅದು ಭಯದ ದಾರಿ. ನಮಗಾದರೋ, ಈ ವಯಸ್ಸಿನಲ್ಲಿ ಹೇಳಲು ಸಂಕೋಚವಾದರೂ, ಅದು ಸಂತೋಷದ ದಾರಿ. ತಿರುವಿಗೆ ಮುನ್ನವೇ ವೇಗ ತಗ್ಗಿಸಿ, ಎರಡನೆಯ ಗೇರಿಗೆ ತಂದು, ತಿರುವು ಮುಗಿಯುತ್ತಲೇ ಎಂಜಿನ್ನಿಗೆ ಉಸಿರು ಕೊಟ್ಟಾಗ ಕಾರು ಹುರುಪಿನಿಂದ ಏರುವ ಸುಖವನ್ನು ಬಲ್ಲವರೇ ಬಲ್ಲರು.

ನಮ್ಮ ಸಣ್ಣ ಕಾರಿನೊಡನೆ ಬಂದ ಟೈರು ೧೬೫/೮೦ ಆರ್ ೧೪. ಎಂದರೆ ಅಗಲ ೧೬೫ ಮಿಲಿಮೀಟರು. ಪಕ್ಕದ ಗೋಡೆಯ ಎತ್ತರ ಅದರ ನೂರಕ್ಕೆ ೮೦ ಪಾಲು. ರಿಮ್ಮಿನ ವ್ಯಾಸ ೧೪ ಅಂಗುಲ. ತಿರುವಿನಲ್ಲಿ ಆ ಎತ್ತರದ ಗೋಡೆ ವಾಲುತ್ತಿತ್ತು, ಕಾರು ನಮ್ಮ ಕೈಯ ಮಾತನ್ನು ತಡವಾಗಿ ಕೇಳುತ್ತಿತ್ತು. ಇದಕ್ಕೆ ಅಗಲವಾದ ಟೈರೇ ಮದ್ದೆಂದು ನಾವು ನಿಶ್ಚಯಿಸಿದೆವು. ಬಯಲುಸೀಮೆಯ ಅಂಗಡಿಯವನೊಬ್ಬನು, “ಅಗಲವಾದಷ್ಟೂ ಹಿಡಿತ, ಸ್ವಾಮಿ” ಎಂದು, ಯಾವುದೋ ಕಾರಿನಿಂದ ಬಿಚ್ಚಿದ ೨೦೫/೬೦ ಆರ್ ೧೪ ಟೈರುಗಳನ್ನು ನಮ್ಮ ಹಳೆಯ ರಿಮ್ಮಿಗೇ ತೊಡಿಸಿಕೊಟ್ಟನು. ಅಗ್ಗವಾಗಿ ದೊರೆತವೆಂದು ಹಿಗ್ಗಿದೆವು.

ಬಿಸಿಲುಗಾಲದಲ್ಲಿ ಎಲ್ಲವೂ ಸೊಗಸಾಗಿತ್ತು. ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಟೈರು ಒಳಗೆಲ್ಲೋ ಉಜ್ಜುತ್ತಿತ್ತು; ಅದನ್ನು ಕೇಳಿಸಿಕೊಳ್ಳಲಿಲ್ಲ. ೨೦೨೨ರ ಅಕ್ಟೋಬರಿನಲ್ಲಿ, ಹಿಂಗಾರು ಹಿಡಿದಿದ್ದ ದಿನ, ಮನೆಯಾಕೆಯನ್ನು ಕರೆದುಕೊಂಡು ಈರೋಡಿಗೆ ಹೊರಟೆವು. ಇಪ್ಪತ್ತೇಳು ತಿರುವುಗಳನ್ನೂ ಎಚ್ಚರದಿಂದ ಇಳಿದೆವು. ಅಪಾಯ ಕಾದಿದ್ದುದು ಅಲ್ಲಲ್ಲ. ಬಣ್ಣಾರಿಯನ್ನು ದಾಟಿ ಸತ್ಯಮಂಗಲದ ಕಡೆಗೆ ನೇರವಾದ ರಸ್ತೆ ಸಿಕ್ಕಿದೊಡನೆ ಮನಸ್ಸು ಸಡಿಲವಾಯಿತು, ಕಾಲು ಭಾರವಾಯಿತು. ಮುಂದೆ ರಸ್ತೆಯ ಮೇಲೆ ನೀರು ಹಾಳೆಯಂತೆ ನಿಂತಿತ್ತು. ಅದರ ಮೇಲೆ ಹೋದ ಕ್ಷಣದಲ್ಲಿ ಕೈಯಲ್ಲಿದ್ದ ಸ್ಟಿಯರಿಂಗ್ ತೂಕವನ್ನೇ ಕಳೆದುಕೊಂಡಿತು. ತಿರುಗಿಸಿದರೆ ತಿರುಗುತ್ತದೆ, ಕಾರು ಮಾತ್ರ ಕೇಳುವುದಿಲ್ಲ. ಎದುರಿನಿಂದ ಬಸ್ಸು ಬರುತ್ತಿತ್ತು. ಎರಡು ಕ್ಷಣವೋ ಮೂರೋ; ನೀರು ಮುಗಿಯಿತು, ಟೈರು ನೆಲವನ್ನು ಹಿಡಿಯಿತು, ಬಸ್ಸು ಪಕ್ಕದಲ್ಲಿ ಹಾದುಹೋಯಿತು. ಆಕೆ ಕೂಗಲಿಲ್ಲ. ಸತ್ಯಮಂಗಲದಲ್ಲಿ ಕಾಫಿ ಕುಡಿಯುವಾಗ, “ಮಕ್ಕಳಿಗೆ ಒಂದು ಫೋನು ಮಾಡಲೆ?” ಎಂದಳು, ಅಷ್ಟೆ. ಆ ಮಾತಿಗಿಂತ ಬೈಗುಳವೇ ಹಿತವಾಗಿರುತ್ತಿತ್ತು.

ಅನಂತರ ಕುಳಿತು ಲೆಕ್ಕ ಹಾಕಿದೆವು. ಒಂದು ಗಾಲಿಯ ಮೇಲೆ ೨೫೦ ಕಿಲೋ ಭಾರ, ಒಳಗೆ ೩೩ ಪೌಂಡು ಗಾಳಿ ಇದ್ದರೆ, ಟೈರು ನೆಲಕ್ಕೆ ತಾಗುವ ಜಾಗ ಸುಮಾರು ೧೧೦ ಚದರ ಸೆಂಟಿಮೀಟರು. ಅಂಗೈಗಿಂತ ಕೊಂಚ ದೊಡ್ಡದು. ಟೈರು ಅಗಲವಾದರೆ ಈ ಜಾಗ ಬಹಳವೇನೂ ಹಿಗ್ಗುವುದಿಲ್ಲ. ಅಗಲದಲ್ಲಿ ಬೆಳೆದುದು ಉದ್ದದಲ್ಲಿ ಕುಗ್ಗುತ್ತದೆ. ಗಿಡ್ಡನೆಯ ಗೋಡೆಯಿಂದ ತಿರುವಿನಲ್ಲಿ ಚುರುಕು ಬರುವುದು ನಿಜ, ಒಳ್ಳೆಯ ರಬ್ಬರಿನಿಂದ ಹಿಡಿತ ಬರುವುದೂ ನಿಜ. ಆದರೆ ಮಳೆಯಲ್ಲಿ ಅಗಲವಾದ ಟೈರು ಹೆಚ್ಚು ನೀರನ್ನು ಪಕ್ಕಕ್ಕೆ ತಳ್ಳಬೇಕು, ಅದಕ್ಕಿರುವ ಸಮಯವೋ ಕಡಿಮೆ. ನಮ್ಮ ಟೈರಿನ ಗೆರೆಗಳು ಸವೆದಿದ್ದುವು, ನೀರಿಗೆ ದಾರಿಯಿರಲಿಲ್ಲ. ಮೇಲಾಗಿ ನಮ್ಮ ರಿಮ್ಮಿನ ಅಗಲ ಐದೇ ಅಂಗುಲ. ಆ ಟೈರಿಗೆ ಐದೂವರೆಯಾದರೂ ಬೇಕು. ವ್ಯಾಸವೂ ೬೨೦ ಮಿಲಿಮೀಟರಿನಿಂದ ೬೦೨ಕ್ಕೆ ಇಳಿದು, ವೇಗದ ಮುಳ್ಳು ಸುಳ್ಳು ಹೇಳುತ್ತಿತ್ತು.

ಎರಡನೆಯ ಸಲ ಅಂಗಡಿಯವನನ್ನು ಕೇಳದೆ ಕಾರಿನ ಕೈಪಿಡಿಯನ್ನು ಕೇಳಿದೆವು. ಅದೇ ಕಾರಿನ ಮೇಲ್ದರ್ಜೆಗೆ ಕಾರ್ಖಾನೆಯವರೇ ೧೮೫/೬೫ ಆರ್ ೧೫ ಕೊಟ್ಟಿದ್ದರು. ಅದರ ವ್ಯಾಸ ಹಳೆಯದಕ್ಕಿಂತ ಎರಡು ಮಿಲಿಮೀಟರು ಮಾತ್ರ ಹೆಚ್ಚು. ಐದೂವರೆ ಅಂಗುಲದ ರಿಮ್ಮನ್ನೇ ಕೊಂಡೆವು. ಬೋಲ್ಟುಗಳ ಅಂತರ, ನಡುವಿನ ರಂಧ್ರ, ಗಾಲಿ ಒಳಗೆ ಹೊರಗೆ ಕೂರುವ ಅಳತೆ, ಎಲ್ಲವೂ ಕಾರಿಗೆ ಒಪ್ಪುವಂತೆ ನೋಡಿದೆವು. ಗಾಲಿ ಹೊರಚಾಚಿ ಚೆಂದ ಕಂಡರೆ ಅದರ ಕಪ್ಪವನ್ನು ಬೇರಿಂಗು ತೆರುತ್ತದೆ. ಟೈರಿನ ಮೇಲಿನ ಭಾರದ ಅಂಕಿಯೂ ವೇಗದ ಅಕ್ಷರವೂ ಮೊದಲಿನದಕ್ಕಿಂತ ಕೆಳಗಿರಬಾರದು. ತಯಾರಾದ ವಾರ ಮತ್ತು ವರ್ಷವನ್ನು ತಿಳಿಸುವ ನಾಲ್ಕು ಅಂಕಿಗಳನ್ನೂ ಓದಿದೆವು. ಹದಿನಾರಂಗುಲದ ಆಸೆ ಒಂದು ಗಳಿಗೆ ಬಂದಿತ್ತು. ನಮ್ಮ ಹಳ್ಳಿದಾರಿಯ ಗುಂಡಿಗಳು ನೆನಪಾಗಿ, ಗಿಡ್ಡ ಗೋಡೆಯ ಟೈರಿನಲ್ಲಿ ರಿಮ್ಮೇ ಪೆಟ್ಟು ತಿಂದೀತೆಂದು ಬಿಟ್ಟೆವು. ಗೆರೆಯ ಆಳ ೧.೬ ಮಿಲಿಮೀಟರಿಗೆ ಇಳಿಯುವವರೆಗೂ ಕಾನೂನು ಸುಮ್ಮನಿರುತ್ತದೆ. ನಾವು ಮೂರಕ್ಕೇ ಬದಲಿಸುತ್ತೇವೆ.

ಘಟ್ಟದ ಸುಖವೇನೂ ಕಡಿಮೆಯಾಗಿಲ್ಲ. ಕಾರು ಈಗ ಕೈಯ ಮಾತು ಕೇಳುತ್ತದೆ. ಬಣ್ಣಾರಿಯಿಂದಾಚೆ ನೀರು ನಿಂತಿದ್ದರೆ ಮಾತ್ರ ಲಾರಿಗಳ ಹಿಂದೆ, ಅವುಗಳ ಗಾಲಿಯ ಜಾಡಿನಲ್ಲಿ, ತಕ್ಕಷ್ಟು ದೂರವಿಟ್ಟು ತೆಪ್ಪಗೆ ಹೋಗುತ್ತೇವೆ. ಹೊರಡುವ ಮುನ್ನ ಮನೆಯಾಕೆ ಜಗಲಿಯಿಂದಲೇ, “ಗಾಳಿ ನೋಡಿದಿರಾ?” ಎನ್ನುತ್ತಾಳೆ. ನೋಡಿದ್ದರೂ ಮತ್ತೊಮ್ಮೆ ಕುಕ್ಕುರುಗಾಲಿನಲ್ಲಿ ಕುಳಿತು, ನಾಲ್ಕೂ ಗಾಲಿಗಳನ್ನು ನೋಡಿ, ಆಮೇಲೆ ಬಾಗಿಲು ತೆರೆಯುತ್ತೇವೆ.