ಧರೆಗೆ ಬಾಣ ಬರೆದಿದ್ದು

ಹೊನ್ನಾವರ ತಾಲೂಕಿನ ನಮ್ಮನೆ ಗುಡ್ಡದ ಬುಡದಲ್ಲಿದೆ. 2022ರ ಬೇಸಿಗೆಯಲ್ಲಿ ನನ್ನ ಹೊಸ ಕಾರಿಗೆ ಜಾಗ ಬೇಕು ಅಂತ ಜೆಸಿಬಿ ತರಿಸಿ, ಹಿತ್ತಲಿನ ಧರೆಯನ್ನು ಹತ್ತಡಿ ಒಳಗೆ ನೆಟ್ಟಗೆ ಕಡಿಸಿದೆ. ಅಪ್ಪ ಬೇಡ ಅಂದಿದ್ದ. "ಅದೆಲ್ಲ ನಿಂಗೆ ಗೊತ್ತಾಗ್ತಿಲ್ಲೆ ಬಿಡು" ಅಂದಿದ್ದೆ. ಬಿಇ ಓದಿದವನಲ್ವಾ!

ಆಗಸ್ಟ್ 2ರಂದು ಭಟ್ಕಳದ ಮುಟ್ಟಳ್ಳಿಯಲ್ಲಿ ಮನೆ ಮೇಲೆ ಗುಡ್ಡ ಕುಸಿದು ಒಂದೇ ಕುಟುಂಬದ ನಾಲ್ವರು ತೀರಿಕೊಂಡರು. ಸುದ್ದಿ ಬಂದಾಗ ನಾನು ಊರಲ್ಲೇ ಇದ್ದೆ, ವರ್ಕ್ ಫ್ರಮ್ ಹೋಮ್. ಹೊರಗೆ ಮಳೆ ಹೊಯ್ಯುತ್ತಲೇ ಇತ್ತು. ಲ್ಯಾಪ್‌ಟಾಪ್ ಮುಚ್ಚಿ, ಹಳೇ ಕ್ಯಾಲೆಂಡರಿನ ಹಾಳೆ ಮಗುಚಿ ಹಾಕಿ ನಮ್ಮ ಧರೆಯ ಚಿತ್ರ ಬರೆಯಲು ಕೂತೆ.

ಕುಮಟಾದಲ್ಲಿ ಪಿಯುಸಿ ಓದುವಾಗ ಇಂಥ ಚಿತ್ರದಲ್ಲೇ ನಾನು ಮಾರ್ಕ್ಸ್ ಕಳೆದುಕೊಂಡಿದ್ದು. ಮೇಜಿನ ಮೇಲಿನ ಪುಸ್ತಕದ ಬಲಚಿತ್ರ ಬರೆ ಅಂದರೆ, ಪುಸ್ತಕ ಮೇಜನ್ನು ಒತ್ತುವುದನ್ನೂ ಮೇಜು ನೆಲವನ್ನು ಒತ್ತುವುದನ್ನೂ ಸೇರಿಸಿ ಬರೆದಿಟ್ಟಿದ್ದೆ. ಸರ್ ಹೇಳಿದ್ದು ಇಷ್ಟೇ: ಒಂದೇ ವಸ್ತು ಆರಿಸಿಕೊ. ಸುತ್ತಲಿನದರಿಂದ ಅದನ್ನು ಬಿಡಿಸು. ಬೇರೆಯವು ಅದರ ಮೇಲೆ ಹಾಕುವ ಬಲಗಳನ್ನು ಮಾತ್ರ ಬರೆ, ಅದು ಬೇರೆಯವುಗಳ ಮೇಲೆ ಹಾಕುವುದು ಬೇಡ. ಪ್ರತಿ ಬಾಣಕ್ಕೂ 'ಹಾಕಿದ್ದು ಯಾರು?' ಅಂತ ಕೇಳು, ಉತ್ತರ ಇಲ್ಲದಿದ್ದರೆ ಅಳಿಸು.

ನನ್ನ ವಸ್ತು, ಇಳಿಜಾರಿನ ಮೇಲೆ ಕೂತ ಮಣ್ಣಿನ ಒಂದು ಹೋಳು. ನೇರ ಕೆಳಕ್ಕೆ ತೂಕದ ಬಾಣ, ಹಾಕಿದ್ದು ಭೂಮಿ. ಇಳಿಜಾರಿಗೆ ಲಂಬವಾಗಿ ಹೊರಕ್ಕೊಂದು, ಅಡಿಯ ಮಣ್ಣು ಒತ್ತಿದ್ದು. ಇಳಿಜಾರಿನುದ್ದಕ್ಕೆ ಮೇಲ್ಮುಖವಾಗಿ ಘರ್ಷಣೆ. ತೂಕದಲ್ಲಿ ಕೆಳಗೆ ಜಾರಿಸುವ ಪಾಲನ್ನು ಘರ್ಷಣೆ ತಡೆದಷ್ಟು ದಿನ ಹೋಳು ನಿಂತಿರುತ್ತದೆ. ಬೇಸಿಗೆಯಲ್ಲಿ ಲೆಕ್ಕ ಸರಿ.

ಮಳೆಗಾಲದ ಚಿತ್ರ ಬೇರೆ. ನೀರು ಕುಡಿದ ಮಣ್ಣು ಭಾರ, ತೂಕದ ಬಾಣ ಉದ್ದವಾಯಿತು. ನಮ್ಮಲ್ಲಿ ಮೇಲೆ ಚಿರೇಕಲ್ಲು, ಅದರಡಿ ಶೇಡಿಮಣ್ಣು. ಒಣಗಿದಾಗ ಗಟ್ಟಿ, ನೆನೆದರೆ ಬೆಣ್ಣೆ. ಮಣ್ಣಿನ ಸಂದಿಯಲ್ಲಿ ತುಂಬಿದ ನೀರು ಭಾರದ ಒಂದಂಶವನ್ನು ತಾನೇ ಹೊತ್ತುಕೊಳ್ಳುತ್ತದೆ. ಆಗ ಮಣ್ಣನ್ನು ಮಣ್ಣು ಒತ್ತುವುದು ಕಡಿಮೆ, ಆ ಒತ್ತಡವನ್ನೇ ನಂಬಿದ ಘರ್ಷಣೆಯೂ ಕಡಿಮೆ. ಇನ್ನು ಬುಡದಲ್ಲಿ, ಜಾರದಂತೆ ಆನಿಸಿ ಹಿಡಿದಿದ್ದ ಮಣ್ಣಿನದೂ ಒಂದು ಬಾಣವಿತ್ತು. ಅದನ್ನು ನಾನೇ ಗಂಟೆ ಲೆಕ್ಕದಲ್ಲಿ ಬಾಡಿಗೆ ಕೊಟ್ಟು ತೆಗೆಸಿದ್ದೆ.

ಅಪ್ಪ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದ. ಹೋಳಿನ ಮೇಲೆ ಬೆರಳಿಟ್ಟು, "ಅಲ್ದ ತಮಾ, ಇಲ್ಲೊಂದು ಹಲಸಿನಮರ ಇತ್ತಲಾ?" ಅಂದ.

ಇತ್ತು. ಅದರ ಬೇರು ಮಣ್ಣನ್ನು ಹಿಡಿದೆಳೆಯುವ ಬಲ ನನ್ನ ತಲೆಗೇ ಬಂದಿರಲಿಲ್ಲ. ಧರೆ ಕಡಿಯುವಾಗ ಅಡ್ಡ ಬರುತ್ತದೆ ಅಂತ ಮರವನ್ನೂ ತೆಗೆಸಿದ್ದೆ.

ಅವತ್ತು ರಾತ್ರಿಯೇ ಆಯಿಯ ಹಾಸಿಗೆ ಹಿಂದಿನ ಕೋಣೆಯಿಂದ ಜಗಲಿಗೆ ಬಂತು. ಮಳೆ ಹೊಳವಾದ ದಿನ ಮೇಲಿನಿಂದ ಬರುವ ನೀರನ್ನು ಪಕ್ಕಕ್ಕೆ ತಿರುಗಿಸಲು ಅಗಳ ತೋಡಿಸಿದೆವು. ಡಿಸೆಂಬರಿನಲ್ಲಿ ಪಾಗಾರ ಕಟ್ಟಿಸಿದೆ, ಹಿಂದೆ ನೀರು ನಿಲ್ಲದಂತೆ ನಡುನಡುವೆ ಪೈಪು ಇಟ್ಟು. ಖರ್ಚು ಕಾರಿಗೆ ಕಟ್ಟಿದ ಮುಂಗಡಕ್ಕಿಂತ ಹೆಚ್ಚು. ಪಾಗಾರಕ್ಕೆ ಜಾಗ ಹೋಗಿ, ಕಾರು ಈಗ ರಸ್ತೆ ಬದಿಗೆ ನಿಲ್ಲುತ್ತದೆ.