ಆಕಾಶದಲ್ಲಿ ಎರಡು ಅಂಗಡಿ

ಒಂದು ಬೀದಿಯಲ್ಲಿ ಎದುರುಬದುರಾಗಿ ಎರಡು ಅಂಗಡಿಗಳಿದ್ದರೆ ಗಿರಾಕಿಗೆ ಸುಗ್ಗಿ ಎಂಬುದು ನಾವೆಲ್ಲರೂ ಬಲ್ಲ ಮಾತು. ಒಬ್ಬನು ಬೆಲ್ಲದ ಬೆಲೆಯನ್ನು ನಾಲ್ಕಾಣೆ ಇಳಿಸಿದರೆ ಇನ್ನೊಬ್ಬನು ತೂಕದ ಮೇಲೆ ಒಂದು ಹಿಡಿ ಹೆಚ್ಚಾಗಿ ಹಾಕುತ್ತಾನೆ. ಆದರೆ ಎರಡು ಅಂಗಡಿಗಳು ಪೈಪೋಟಿಗೆ ಬಿದ್ದು, ಬೆಲೆ ಇಳಿಯುವ ಬದಲು ಏರಿ, ವರ್ತಕರಿಬ್ಬರೂ ನಷ್ಟದಲ್ಲಿ ಮುಳುಗಿ, ಕಡೆಗೆ ನಡುವಿನ ಗೋಡೆಯನ್ನು ಒಡೆದು ಒಂದೇ ಅಂಗಡಿ ಮಾಡಿಕೊಂಡ ಕಥೆಯೊಂದು ಅಮೆರಿಕದಲ್ಲಿ ನಡೆದಿದೆ. ಆ ಅಂಗಡಿಗಳು ಇದ್ದದ್ದು ಆಕಾಶದಲ್ಲಿ. ಅವು ಮಾರುತ್ತಿದ್ದ ಸರಕು ಧ್ವನಿ. ಉಪಗ್ರಹ ರೇಡಿಯೋ ಎಂದು ಅದರ ಹೆಸರು.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಆ ದೇಶದಲ್ಲಿ ನೆಲೆಸಿದವರಿಗೆ ಇದು ಹೊಸ ಸಂಗತಿಯೇನಲ್ಲ. ಅವರ ಪೈಕಿ ಕೆಲವರ ಕಾರಿನಲ್ಲಿಯೇ ಅದು ಹಾಡುತ್ತಿರಬಹುದು. ಆದರೆ ಊರಿನಲ್ಲಿರುವ ಬಂಧುಗಳಿಗೆ ಅಷ್ಟಾಗಿ ಪರಿಚಯವಿರಲಾರದು. ಆದ್ದರಿಂದ ಬುಡದಿಂದಲೇ ಹೇಳುತ್ತೇನೆ.

ಅಮೆರಿಕದವರ ಬದುಕಿನ ಬಹುಭಾಗ ಕಾರಿನಲ್ಲಿಯೇ ಕಳೆಯುತ್ತದೆ. ಎಫ್.ಎಂ. ಕೇಂದ್ರದ ಧ್ವನಿಯಾದರೋ ಕೆಲವು ಹತ್ತು ಮೈಲಿಗಳಾಚೆ ಕ್ಷೀಣಿಸಿ ಗೊರಗೊರ ಸದ್ದಾಗಿಬಿಡುತ್ತದೆ. ಮೇಲಾಗಿ 1996ರ ದೂರಸಂಪರ್ಕ ಕಾಯಿದೆಯು ಒಂದೇ ಸಂಸ್ಥೆ ದೇಶದಾದ್ಯಂತ ಇಷ್ಟೇ ಕೇಂದ್ರಗಳನ್ನು ಹೊಂದಬೇಕೆಂಬ ಮಿತಿಯನ್ನು ತೆಗೆದುಹಾಕಿದ ಮೇಲೆ ನೂರಾರು ಕೇಂದ್ರಗಳು ಕೆಲವೇ ಒಡೆಯರ ಕೈಸೇರಿದವು. ಊರು ಬದಲಾದರೂ ಹಾಡುಗಳು ಅವೇ, ಜಾಹೀರಾತುಗಳು ಅವೇ. ಹೀಗಿರುವಾಗ, ಆಕಾಶದಿಂದಲೇ ಪ್ರಸಾರ ಮಾಡಿ, ಒಂದು ಸಾಗರದಿಂದ ಮತ್ತೊಂದು ಸಾಗರದವರೆಗೂ ತುಂಡಾಗದ ಧ್ವನಿಯನ್ನು ಕೊಟ್ಟರೆ ಜನ ತಿಂಗಳಿಗಿಷ್ಟು ಎಂದು ಹಣ ತೆರಲಾರರೇ ಎಂಬ ಯೋಚನೆ ಕೆಲವರಿಗೆ ಹೊಳೆಯಿತು.

ಎಫ್.ಸಿ.ಸಿ. ಎಂದು ಸಂಕ್ಷೇಪವಾಗಿ ಕರೆಯಲಾಗುವ ಅಲ್ಲಿನ ಸಂಪರ್ಕ ಆಯೋಗವು 1997ರಲ್ಲಿ ಇದಕ್ಕೆಂದು ಮೀಸಲಾದ ತರಂಗಾಂತರಗಳನ್ನು ಹರಾಜಿಗಿಟ್ಟಿತು. ಎರಡು ಸಂಸ್ಥೆಗಳು ಗೆದ್ದವು. ಒಂದು ಸುಮಾರು 8.3 ಕೋಟಿ ಡಾಲರು ಕೊಟ್ಟಿತು, ಇನ್ನೊಂದು ಸುಮಾರು 9 ಕೋಟಿ. ಮೊದಲನೆಯದು ಮುಂದೆ ಸಿರಿಯಸ್ ಎಂದು ಹೆಸರಿಟ್ಟುಕೊಂಡಿತು, ಎರಡನೆಯದು ಎಕ್ಸ್‌ಎಂ. ಸಿರಿಯಸ್ ಎಂಬುದು ರಾತ್ರಿಯ ಆಕಾಶದಲ್ಲಿ ಅತ್ಯಂತ ಪ್ರಕಾಶಮಾನವಾದ ನಕ್ಷತ್ರ. ನಾವು ಅದನ್ನು ಲುಬ್ಧಕವೆನ್ನುತ್ತೇವೆ. ಲುಬ್ಧಕನೆಂದರೆ ಬೇಡ, ಬೇಟೆಗಾರ. ಲೋಭಿ ಎಂಬ ಅರ್ಥವೂ ಆ ಪದದ ಬೆನ್ನಿಗೇ ಇದೆ. ಕನ್ನಡ ಮೇಷ್ಟರಿಗೆ ಇಂತಹ ಕಡೆ ಸುಮ್ಮನೆ ದಾಟಿಹೋಗಲು ಮನಸ್ಸು ಬರುವುದಿಲ್ಲ, ಮನ್ನಿಸಬೇಕು.

ಆಯೋಗವು ಆಗ ಎರಡು ಮಾತುಗಳನ್ನು ನಿಯಮವಾಗಿ ಬರೆದಿಟ್ಟಿತು. ಒಬ್ಬ ಪರವಾನಗಿದಾರ ಇನ್ನೊಬ್ಬನನ್ನು ಕೊಂಡುಕೊಳ್ಳಕೂಡದು ಎಂಬುದು ಒಂದು. ಇಬ್ಬರ ಪ್ರಸಾರವನ್ನೂ ಹಿಡಿಯಬಲ್ಲ ಗ್ರಾಹಕಯಂತ್ರವನ್ನು ರೂಪಿಸಬೇಕು ಎಂಬುದು ಇನ್ನೊಂದು. ಈ ಎರಡು ಮಾತುಗಳನ್ನು ನೆನಪಿನಲ್ಲಿಟ್ಟುಕೊಳ್ಳಿ.

ತಂತ್ರಜ್ಞಾನದ ದೃಷ್ಟಿಯಿಂದ ಇಬ್ಬರ ಸಾಹಸವೂ ಮೆಚ್ಚತಕ್ಕದ್ದೇ. ಎಕ್ಸ್‌ಎಂ ಸಂಸ್ಥೆಯು 2001ರಲ್ಲಿ ರಾಕ್ ಮತ್ತು ರೋಲ್ ಎಂಬ ಎರಡು ಉಪಗ್ರಹಗಳನ್ನು ಸಮಭಾಜಕ ವೃತ್ತದ ಮೇಲಿನ ಭೂಸ್ಥಿರ ಕಕ್ಷೆಯಲ್ಲಿ ನಿಲ್ಲಿಸಿತು. ನೆಲದಿಂದ ನೋಡುವವನಿಗೆ ಅವು ಕದಲುವುದಿಲ್ಲ. ಆದರೆ ಉತ್ತರದ ಊರುಗಳಿಂದ ನೋಡಿದಾಗ ದಿಗಂತಕ್ಕೆ ಸಮೀಪದಲ್ಲಿರುವುದರಿಂದ ಎತ್ತರದ ಕಟ್ಟಡಗಳು ಅಡ್ಡವಾಗುತ್ತವೆ. ಆದ್ದರಿಂದ ನಗರಗಳಲ್ಲಿ ಮರುಪ್ರಸಾರದ ಗೋಪುರಗಳನ್ನು ನೆಡಬೇಕಾಯಿತು. ಸಿರಿಯಸ್ 2000ದಲ್ಲಿಯೇ ಮೂರು ಉಪಗ್ರಹಗಳನ್ನು ಹಾರಿಸಿತ್ತು. ಅವು ಅಂಡಾಕಾರದ ಓರೆ ಕಕ್ಷೆಯಲ್ಲಿ ಸುತ್ತುತ್ತ, ಒಂದೊಂದೂ ದಿನದ ಸುಮಾರು ಹದಿನಾರು ಗಂಟೆಗಳನ್ನು ಉತ್ತರಾರ್ಧದ ಮೇಲೆಯೇ ಕಳೆಯುತ್ತಿದ್ದವು. ಯಾವ ಹೊತ್ತಿನಲ್ಲಿಯೂ ಎರಡು ಉಪಗ್ರಹಗಳು ನೆತ್ತಿಯ ಕಡೆಗಿರುತ್ತಿದ್ದುದರಿಂದ ಕಟ್ಟಡಗಳ ಕಾಟ ಕಡಿಮೆ. ಇಬ್ಬರು ಜಾಣರು ಒಂದೇ ಲೆಕ್ಕವನ್ನು ಎರಡು ವಿಧಾನಗಳಲ್ಲಿ ಬಿಡಿಸಿದಂತೆ ಇದು. ಉತ್ತರ ಎರಡೂ ಸರಿ. ಆದರೆ ಒಬ್ಬರ ಧ್ವನಿ ಇನ್ನೊಬ್ಬರ ಯಂತ್ರಕ್ಕೆ ಕೇಳುತ್ತಿರಲಿಲ್ಲ.

ಎಕ್ಸ್‌ಎಂ ಪ್ರಸಾರವು 2001ರ ಸೆಪ್ಟೆಂಬರಿನಲ್ಲಿ, ನ್ಯೂಯಾರ್ಕಿನ ಗೋಪುರಗಳು ಉರುಳಿದ ಎರಡು ವಾರಗಳಲ್ಲಿ ಆರಂಭವಾಯಿತು. ತಿಂಗಳ ಚಂದಾ 9.99 ಡಾಲರು. ಸಿರಿಯಸ್ 2002ರ ಫೆಬ್ರುವರಿಯಲ್ಲಿ ಕೆಲವು ನಗರಗಳಲ್ಲಿ ಆರಂಭವಾಗಿ ಜುಲೈ ಹೊತ್ತಿಗೆ ದೇಶವನ್ನೆಲ್ಲ ತಲಪಿತು. ಅದರ ಚಂದಾ 12.95 ಡಾಲರು, ಸಂಗೀತದ ನಡುವೆ ಜಾಹೀರಾತು ಇಲ್ಲವೆಂಬುದು ಅದರ ಹೆಗ್ಗಳಿಕೆ. ಎಕ್ಸ್‌ಎಂ ತನ್ನ ಕೆಲವು ಸಂಗೀತವಾಹಿನಿಗಳಲ್ಲಿ ಜಾಹೀರಾತು ಹಾಕುತ್ತಿತ್ತು. ಎದುರಾಳಿಯನ್ನು ನೋಡಿ 2004ರಲ್ಲಿ ಅವನ್ನು ಕೈಬಿಟ್ಟಿತು. ಪೈಪೋಟಿಯಿಂದ ಕೇಳುಗನಿಗೆ ನೇರವಾಗಿ ದಕ್ಕಿದ ಲಾಭಕ್ಕೆ ಇದೊಂದು ನಿದರ್ಶನ. ಅಪರೂಪದ ಅಭಿರುಚಿಯವರಿಗೂ ಲಾಭವಾಯಿತೆಂಬುದನ್ನು ಮರೆಯಬಾರದು. ಜಾಹೀರಾತನ್ನು ನಂಬಿದ ಕೇಂದ್ರವು ಹೆಚ್ಚು ಜನಕ್ಕೆ ರುಚಿಸುವುದನ್ನೇ ಬಡಿಸಬೇಕು. ಚಂದಾ ನಂಬಿದವರಾದರೆ ಅಪೆರಾ, ಬ್ಲೂಸ್, ಹಳೆಯ ಜಾನಪದ ಎಂದು ಒಂದೊಂದಕ್ಕೂ ಒಂದೊಂದು ವಾಹಿನಿಯನ್ನು ಇಡಬಹುದು.

ಇಲ್ಲಿಯವರೆಗೆ ಎಲ್ಲವೂ ನೆಟ್ಟಗಿತ್ತು. ಮುಂದೆ ಚಂದಾದಾರರ ತಲೆಯೆಣಿಕೆ ಆರಂಭವಾಯಿತು. 2003ರ ಕೊನೆಗೆ ಎಕ್ಸ್‌ಎಂ ಬಳಿ 13 ಲಕ್ಷಕ್ಕೂ ಹೆಚ್ಚು ಚಂದಾದಾರರಿದ್ದರೆ ಸಿರಿಯಸ್ ಬಳಿ ಎರಡೂವರೆ ಲಕ್ಷದಷ್ಟು ಮಾತ್ರ. ಷೇರುಪೇಟೆಯು ಲಾಭವನ್ನು ಕೇಳುತ್ತಿರಲಿಲ್ಲ, ಏಕೆಂದರೆ ಲಾಭವೇ ಇರಲಿಲ್ಲ. ಈ ತ್ರೈಮಾಸಿಕದಲ್ಲಿ ಎಷ್ಟು ತಲೆ ಸೇರಿದವೆಂದು ಕೇಳುತ್ತಿತ್ತು. ಹಿಂದೆ ಬಿದ್ದವನು ಮುಂದೆ ಬರಬೇಕಲ್ಲ? ಸಿರಿಯಸ್ 2003ರ ಡಿಸೆಂಬರಿನಲ್ಲಿ ಅಮೆರಿಕನ್ ಫುಟ್‌ಬಾಲ್ ಪಂದ್ಯಗಳ ಪ್ರಸಾರಕ್ಕಾಗಿ ಏಳು ವರ್ಷಗಳಿಗೆ 22 ಕೋಟಿ ಡಾಲರು ಕೊಡಲೊಪ್ಪಿತು. ಎಕ್ಸ್‌ಎಂ ಸುಮ್ಮನಿರಲಿಲ್ಲ, 2004ರ ಅಕ್ಟೋಬರಿನಲ್ಲಿ ಬೇಸ್‌ಬಾಲ್ ಪಂದ್ಯಗಳಿಗೆ ಹನ್ನೊಂದು ವರ್ಷಗಳ 65 ಕೋಟಿ ಡಾಲರುಗಳ ಒಪ್ಪಂದ ಮಾಡಿಕೊಂಡಿತು. ಅದೇ ಅಕ್ಟೋಬರಿನಲ್ಲಿ ಸಿರಿಯಸ್ ಹೋವರ್ಡ್ ಸ್ಟರ್ನ್ ಎಂಬ ಮಾತುಗಾರನನ್ನು ಐದು ವರ್ಷಗಳಿಗೆ 50 ಕೋಟಿ ಡಾಲರುಗಳ ವೆಚ್ಚದಲ್ಲಿ ಕರೆತರುವುದಾಗಿ ಸಾರಿತು. ಅಸಭ್ಯವೆಂದು ದಂಡ ಹಾಕಿಸಿಕೊಂಡೇ ಪ್ರಸಿದ್ಧನಾದವನು ಆತ. ಅವನು ಬಂದದ್ದು 2006ರ ಜನವರಿಯಲ್ಲಿ; ಬರುವಷ್ಟರಲ್ಲಿಯೇ ಸಿರಿಯಸ್ ಚಂದಾದಾರರ ಸಂಖ್ಯೆ 33 ಲಕ್ಷವನ್ನು ಮುಟ್ಟಿತ್ತು. ಎಕ್ಸ್‌ಎಂ ಪ್ರತಿಯಾಗಿ ಓಪ್ರಾ ವಿನ್‌ಫ್ರೀ ಅವರೊಡನೆ ಮೂರು ವರ್ಷಗಳಿಗೆ 5.5 ಕೋಟಿಯ ಒಪ್ಪಂದ ಮಾಡಿಕೊಂಡಿತು.

ಕಾರು ಕಾರ್ಖಾನೆಗಳಿಗೂ ಹೀಗೆಯೇ ಲಗ್ಗೆ. ಜನರಲ್ ಮೋಟರ್ಸ್, ಹೋಂಡಾ ಕಾರುಗಳಲ್ಲಿ ಎಕ್ಸ್‌ಎಂ. ಫೋರ್ಡ್, ಕ್ರೈಸ್ಲರ್, ಬಿ.ಎಂ.ಡಬ್ಲ್ಯು. ಕಾರುಗಳಲ್ಲಿ ಸಿರಿಯಸ್. ಕಾರು ಕೊಳ್ಳುವವನು ಎಂಜಿನ್ನನ್ನೋ ಬಣ್ಣವನ್ನೋ ನೋಡಿ ಕೊಳ್ಳುತ್ತಾನೆ. ಯಾವ ರೇಡಿಯೋ ಕೇಳಬೇಕೆಂಬುದನ್ನು ಕಾರ್ಖಾನೆಯವರು ಅವನ ಪರವಾಗಿ ಅದಾಗಲೇ ತೀರ್ಮಾನಿಸಿರುತ್ತಿದ್ದರು. ಫೋರ್ಡ್ ಕಾರಿನವನಿಗೆ ಬೇಸ್‌ಬಾಲ್ ಮೋಹವಿದ್ದರೆ ಅವನು ಮತ್ತೊಂದು ಯಂತ್ರ ಕೊಂಡು ಮತ್ತೊಂದು ಚಂದಾ ಕಟ್ಟಬೇಕು. ಎರಡು ಪ್ರಸಾರಗಳನ್ನೂ ಹಿಡಿಯುವ ಯಂತ್ರ ಎಲ್ಲಿ ಹೋಯಿತು ಎಂದು ನೀವು ಕೇಳಬಹುದು. ಇಬ್ಬರೂ ಸೇರಿ ಅದನ್ನು ರೂಪಿಸುವುದಾಗಿ 2000ದಲ್ಲಿಯೇ ಒಪ್ಪಿದ್ದರು. ಆದರೆ ಪೈಪೋಟಿ ನಡೆದಷ್ಟು ಕಾಲವೂ ಅದು ಅಂಗಡಿಗೆ ಬರಲಿಲ್ಲ. ತನ್ನ ಗಿರಾಕಿ ಎದುರಿನ ಅಂಗಡಿಗೆ ಸುಲಭವಾಗಿ ನಡೆದುಹೋಗುವಂತೆ ತಾನೇ ಸೇತುವೆ ಕಟ್ಟಿಕೊಡುವ ವರ್ತಕನುಂಟೇ?

ಪರಿಣಾಮವೇನಾಯಿತು? 2005ರ ಏಪ್ರಿಲಿನಲ್ಲಿ ಎಕ್ಸ್‌ಎಂ ತನ್ನ ಚಂದಾವನ್ನು ಏರಿಸಿ ಸಿರಿಯಸ್ ಬೆಲೆಗೇ, ಅಂದರೆ 12.95 ಡಾಲರಿಗೆ, ತಂದು ನಿಲ್ಲಿಸಿತು. ಪೈಪೋಟಿಯ ಕಾವು ಏರಿದ್ದ ಕಾಲದಲ್ಲಿಯೇ ಅಗ್ಗದ ಅಂಗಡಿಯು ದುಬಾರಿ ಅಂಗಡಿಯನ್ನು ಸರಿಗಟ್ಟಿತು! ಆಟಗಾರರಿಗೂ ಮಾತುಗಾರರಿಗೂ ಸುರಿದ ಹಣ ಎಲ್ಲಿಂದಲಾದರೂ ಬರಬೇಕಲ್ಲವೇ? ಆದರೂ ಸಾಲಲಿಲ್ಲ. 2006ರ ಕೊನೆಗೆ ಎಕ್ಸ್‌ಎಂ ಬಳಿ 76 ಲಕ್ಷ, ಸಿರಿಯಸ್ ಬಳಿ 60 ಲಕ್ಷ ಚಂದಾದಾರರಿದ್ದರು. ಆ ಒಂದೇ ವರ್ಷದ ನಷ್ಟ ಸಿರಿಯಸ್‌ಗೆ 110 ಕೋಟಿ ಡಾಲರು, ಎಕ್ಸ್‌ಎಂಗೆ ಸುಮಾರು 72 ಕೋಟಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದ ನಮ್ಮ ಹಿರಿಯರು ಷೇರುಪೇಟೆಯನ್ನು ಕಂಡವರಲ್ಲ.

2007ರ ಫೆಬ್ರುವರಿಯಲ್ಲಿ ಇಬ್ಬರೂ ವಿಲೀನವಾಗುವ ನಿರ್ಧಾರವನ್ನು ಪ್ರಕಟಿಸಿದರು. ಹತ್ತು ವರ್ಷಗಳ ಹಿಂದೆ ಬರೆದಿಟ್ಟ ಮೊದಲ ನಿಯಮ ಅಡ್ಡವಾಗಿತ್ತು. ಇದು ಏಕಸ್ವಾಮ್ಯವಾಗುತ್ತದೆಂದು ಎಫ್.ಎಂ. ಕೇಂದ್ರಗಳ ಸಂಘದವರು ಕೂಗಿದರು. ತಮ್ಮ ನಿಜವಾದ ಎದುರಾಳಿಗಳು ಎಫ್.ಎಂ., ಐಪಾಡ್ ಮತ್ತು ಅಂತರ್ಜಾಲ ಎಂದು ಸಿರಿಯಸ್ ಮುಖ್ಯಸ್ಥ ಮೆಲ್ ಕಾರ್ಮಜಿನ್ ವಾದಿಸಿದರು. ಒಂದು ವರ್ಷಕ್ಕೂ ಹೆಚ್ಚು ಕಾಲ ವಿಚಾರಣೆ ನಡೆದು, 2008ರ ಮಾರ್ಚಿನಲ್ಲಿ ಅಮೆರಿಕದ ನ್ಯಾಯ ಇಲಾಖೆಯು ಅಡ್ಡಿ ಇಲ್ಲವೆಂದಿತು. ಅದು ಕೊಟ್ಟ ಕಾರಣಗಳಲ್ಲಿ ಒಂದನ್ನು ಓದಿ ನಾನು ಬಹಳ ಹೊತ್ತು ಯೋಚಿಸಿದೆ. ಒಬ್ಬರ ಯಂತ್ರ ಇನ್ನೊಬ್ಬರಿಗೆ ಹೊಂದದ ಕಾರಣ, ಒಮ್ಮೆ ಚಂದಾದಾರನಾದವನ ವಿಷಯದಲ್ಲಿ ಇವರಿಬ್ಬರ ನಡುವೆ ಹೇಳಿಕೊಳ್ಳುವಂತಹ ಪೈಪೋಟಿ ಎಂದೂ ಇರಲೇ ಇಲ್ಲ ಎಂಬುದು ಅದರ ತಾತ್ಪರ್ಯ. ಎಂದರೆ, ಎರಡನೆಯ ನಿಯಮ ಕಾರ್ಯರೂಪಕ್ಕೆ ಬಾರದೆ ಹೋದದ್ದೇ ಮೊದಲನೆಯ ನಿಯಮವನ್ನು ಮುರಿಯಲು ಒಂದು ಆಧಾರವಾಯಿತು. ಜುಲೈ ತಿಂಗಳಲ್ಲಿ ಸಂಪರ್ಕ ಆಯೋಗವೂ ಮೂರಕ್ಕೆ ಎರಡು ಮತಗಳಿಂದ ಒಪ್ಪಿತು. ಮೂರು ವರ್ಷ ಮೂಲ ಚಂದಾ ಏರಿಸಕೂಡದು ಎಂಬುದು ಷರತ್ತುಗಳಲ್ಲಿ ಒಂದು. ಆ ಅವಧಿ ಮುಗಿದ ಮೇಲೆ, 2012ರ ಜನವರಿಯಲ್ಲಿ ಚಂದಾ 14.49 ಡಾಲರಿಗೇರಿತು.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ಇಲ್ಲಿ ಜಗಳದಲ್ಲಿ ಒಮ್ಮೆ, ರಾಜಿಯಲ್ಲಿ ಮತ್ತೊಮ್ಮೆ, ಕೂಸು ಎರಡು ಸಲ ಬಡವಾಯಿತು. ವಿಲೀನದ ನಂತರ 2008ರ ನವೆಂಬರಿನಲ್ಲಿ ಎರಡೂ ಕಡೆ ಒಂದೇ ಬಗೆಯದಾಗಿದ್ದ ವಾಹಿನಿಗಳನ್ನು ಕೂಡಿಸಿದಾಗ ಎಷ್ಟೋ ಮಂದಿಯ ಮೆಚ್ಚಿನ ವಾಹಿನಿಗಳು ಮರೆಯಾದವು. ಸಂಸ್ಥೆಯೂ ಒಡನೆಯೇ ಸುಖ ಕಾಣಲಿಲ್ಲ. 2009ರ ಫೆಬ್ರುವರಿಯಲ್ಲಿ ದಿವಾಳಿಯ ಹೊಸ್ತಿಲಿನಲ್ಲಿದ್ದಾಗ ಲಿಬರ್ಟಿ ಮೀಡಿಯಾ 53 ಕೋಟಿ ಡಾಲರು ಸಾಲ ಕೊಟ್ಟು, ಪ್ರತಿಯಾಗಿ ಶೇಕಡ 40ರಷ್ಟು ಪಾಲು ಪಡೆದು ಉಳಿಸಿತು. ಆಮೇಲೆ ಅದು ಚೇತರಿಸಿಕೊಂಡಿತೆನ್ನಿ. 2024ರ ಕೊನೆಗೆ ಅದಕ್ಕೆ 3 ಕೋಟಿಗೂ ಮಿಕ್ಕಿ ಚಂದಾದಾರರಿದ್ದರು.

ಈ ಕಥೆಗೆ ನಮ್ಮ ನೆಲದಲ್ಲಿಯೂ ಒಂದು ಕವಲಿದೆ. ಎಕ್ಸ್‌ಎಂನ ಮೊದಲ ದಿನಗಳಲ್ಲಿ ಅದರಲ್ಲಿ ಪಾಲು ಹೊಂದಿದ್ದ ವರ್ಲ್ಡ್‌ಸ್ಪೇಸ್ ಎಂಬ ಸಂಸ್ಥೆಯು 2000ದಲ್ಲಿ ಏಷ್ಯಾಸ್ಟಾರ್ ಎಂಬ ಉಪಗ್ರಹವನ್ನು ಹಾರಿಸಿ, ಬೆಂಗಳೂರನ್ನು ನೆಲೆಯಾಗಿಸಿಕೊಂಡು ಭಾರತದಲ್ಲಿ ಉಪಗ್ರಹ ರೇಡಿಯೋ ನಡೆಸಿತು. ಕರ್ನಾಟಕ ಸಂಗೀತಕ್ಕೆ ಶ್ರುತಿ, ಹಿಂದುಸ್ತಾನಿಗೆ ಗಾಂಧರ್ವ, ಕನ್ನಡಕ್ಕೆ ಸ್ಪರ್ಶ ಎಂಬ ವಾಹಿನಿಗಳಿದ್ದವು. ಹಗಲಿರುಳೂ ಶಾಸ್ತ್ರೀಯ ಸಂಗೀತವನ್ನು ಕೇಳಬಹುದೆಂಬುದು ಸಂಗೀತರಸಿಕರಿಗೆ ಕಡಿಮೆಯ ಭಾಗ್ಯವೇ? ಇಲ್ಲಿ ಅದಕ್ಕೆ ಎದುರು ಅಂಗಡಿಯೇ ಇರಲಿಲ್ಲ. ಆದರೂ ಅದು ಬದುಕಲಿಲ್ಲ. ಆಕಾಶ ಕಾಣುವಂತೆ ಆಂಟೆನಾ ಇರಿಸಿದರಷ್ಟೇ ಕೇಳುತ್ತಿತ್ತು. ಕಾರಿನಲ್ಲಿ ಕೇಳಿಸಲು ಬೇಕಾದ ನೆಲದ ಮರುಪ್ರಸಾರದ ವ್ಯವಸ್ಥೆ ಇಲ್ಲಿ ಬರಲಿಲ್ಲ. 2008ರ ಅಕ್ಟೋಬರಿನಲ್ಲಿ ಮಾತೃಸಂಸ್ಥೆ ಅಮೆರಿಕದಲ್ಲಿ ದಿವಾಳಿಯ ಅರ್ಜಿ ಹಾಕಿತು. 2009ರ ಡಿಸೆಂಬರ್ 31ರಂದು ಭಾರತದ ಸೇವೆ ನಿಂತಿತು. ಆ ಪ್ರಸಾರಕ್ಕೆಂದೇ ಮಾಡಿದ ಯಂತ್ರಗಳು ಮರುದಿನದಿಂದ ಬೇರೆ ಯಾವ ಉಪಗ್ರಹದ ಧ್ವನಿಯನ್ನೂ ಹಿಡಿಯಲಾರದೆ ಮನೆಮನೆಗಳಲ್ಲಿ ಮೂಕವಾದವು.

ಅಲ್ಲಿ ಪೈಪೋಟಿ ಇತ್ತು, ಇಲ್ಲಿ ಇರಲಿಲ್ಲ. ಎರಡು ಕಡೆಯೂ ಕೇಳುಗನ ಕೈ ಕಟ್ಟಿತ್ತು. ಕಟ್ಟಿದ ಹಗ್ಗ ಒಂದೇ, ಅದು ಆ ಯಂತ್ರ. ಆದ್ದರಿಂದ ಅಂಗಡಿಗಳು ಎಷ್ಟಿವೆ ಎಂಬುದಕ್ಕಿಂತ, ಒಂದರಿಂದ ಇನ್ನೊಂದಕ್ಕೆ ಗಿರಾಕಿ ತನ್ನ ಚೀಲದೊಡನೆ ನಡೆದುಹೋಗಬಲ್ಲನೇ ಎಂಬುದೇ ಮುಖ್ಯವೆಂದು ನನಗೆ ತೋರುತ್ತದೆ. ಆಕಾಶವಾಣಿಯ ಕಾಲದ ಸಾದಾ ರೇಡಿಯೋವನ್ನು ನೆನೆಯಿರಿ. ಅದರಲ್ಲಿ ಧಾರವಾಡವೂ ಬರುತ್ತಿತ್ತು, ಬೆಂಗಳೂರೂ ಬರುತ್ತಿತ್ತು, ರಾತ್ರಿ ಮುಳ್ಳು ತಿರುಗಿಸಿದರೆ ಸಿಲೋನೂ ಬರುತ್ತಿತ್ತು. ಪೆಟ್ಟಿಗೆ ಮಾಡಿದವನು ಯಾರೋ, ಹಾಡಿಸುವವನು ಯಾರೋ. ಬೇಸರವಾದರೆ ಮುಳ್ಳು ತಿರುಗಿಸುವ ಅಧಿಕಾರ ಮಾತ್ರ ನಮ್ಮ ಬೆರಳಿನಲ್ಲಿಯೇ ಇತ್ತು.

ಚಂದಾ ಕಟ್ಟುವುದು ತಪ್ಪೆಂದು ನಾನು ಹೇಳಲಾರೆ. ಕನ್ನಡದ ಎಷ್ಟೋ ಒಳ್ಳೆಯ ಪತ್ರಿಕೆಗಳು ಚಂದಾದಾರರ ಔದಾರ್ಯದಿಂದಲೇ ಉಸಿರಾಡಿದವು. ಆದರೆ ಪತ್ರಿಕೆ ನಿಂತುಹೋದರೂ ಹಳೆಯ ಸಂಚಿಕೆಗಳು ನಮ್ಮ ಬಳಿ ಉಳಿಯುತ್ತಿದ್ದವು. ಓದಲು ಬೇಕಾದ ಕಣ್ಣು ನಮ್ಮದೇ ಆಗಿರುತ್ತಿತ್ತು. ಇಂದು ಹಾಡು, ಚಲನಚಿತ್ರ, ಪುಸ್ತಕ ಎಲ್ಲವೂ ತಿಂಗಳ ಚಂದಾದ ಮೇಲೆ ನಿಂತಿವೆ. ಈ ಪಂದ್ಯ ಒಬ್ಬರಲ್ಲಿ, ಆ ಪಂದ್ಯ ಇನ್ನೊಬ್ಬರಲ್ಲಿ ಎಂಬ ಹಂಚಿಕೆಯೂ ನಡೆದೇ ಇದೆ. ಆದ್ದರಿಂದ ಮಕ್ಕಳೇ, ಬಂಧುಗಳೇ, ಮುಂದಿನ ಬಾರಿ ಯಾವುದಕ್ಕಾದರೂ ಚಂದಾ ಕಟ್ಟುವ ಮುನ್ನ ಏನೇನು ಸಿಗುತ್ತದೆಂದು ಕೇಳುವುದರ ಜೊತೆಗೆ, ನಾಳೆ ಬೇಡವೆನಿಸಿದರೆ ಎದ್ದು ಬರುವ ಬಾಗಿಲು ಎಲ್ಲಿದೆ, ಆಗ ನನ್ನ ಕೈಯಲ್ಲಿ ಏನು ಉಳಿಯುತ್ತದೆ ಎಂಬುದನ್ನೂ ಕೇಳಿಕೊಳ್ಳಿ. ಅಮೆರಿಕದಲ್ಲಿರುವವರು ತಮ್ಮ ಕಾರಿನ ರೇಡಿಯೋದ ಅನುಭವವನ್ನು ಬಿಡುವಾದಾಗ ಬರೆದು ತಿಳಿಸಿದರೆ ಸಂತೋಷ.